ದಣಿದವರಿಗೆಂದು ಕಟ್ಟಿದ ಮನೆ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ, 1900ರಲ್ಲಿ ಲಂಡನ್ನಿನ ಒಬ್ಬ ನರ್ಸ್‌ಗೆ ರಜೆ ಸಿಕ್ಕಿತು ಅಂದುಕೊಳ್ಳಿ. ಅವಳು ಎಲ್ಲಿಗೆ ಹೋಗಬೇಕು? ಆಸ್ಪತ್ರೆಯವರು ಕೊಟ್ಟ ಕೋಣೆಯೇ ಅವಳ ಮನೆ. ಹೋಟೆಲಿನಲ್ಲಿ ಉಳಿಯುವಷ್ಟು ಸಂಬಳವಿಲ್ಲ. ಒಂಟಿ ಹೆಂಗಸು ಒಬ್ಬಳೇ ಊರೂರು ತಿರುಗಿದರೆ ಜನ ಕಣ್ಣರಳಿಸಿ ನೋಡುವ ಕಾಲ ಅದು. ಗವರ್ನೆಸ್‌ಗಳ ಪಾಡು ಇನ್ನೂ ಕಷ್ಟದ್ದು. ಶ್ರೀಮಂತರ ಮನೆಯಲ್ಲೇ ಇದ್ದು ಅವರ ಮಕ್ಕಳಿಗೆ ಪಾಠ ಹೇಳುವವರು ಅವರು. ಆಳುಗಳ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ, ಒಡೆಯರ ಪಂಕ್ತಿಯಲ್ಲಿ ಕರೆದರೆ ಮಾತ್ರ. ಮಕ್ಕಳು ದೊಡ್ಡವರಾದ ಮೇಲೆ ಇನ್ನೊಂದು ಮನೆ ಹುಡುಕಬೇಕು. ವಯಸ್ಸಾದರೆ ಹೋಗಿ ಕಾಲು ಚಾಚಲು ತಮ್ಮದು ಅನ್ನುವ ಒಂದು ಜಾಗ ಇರುತ್ತಿರಲಿಲ್ಲ.

ಇಂಥವರಿಗಾಗಿಯೇ ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆಯ ಗುಡ್ಡಗಾಡಿನಲ್ಲಿ, ಅಬಿಂಜರ್ ಕಾಮನ್ ಎಂಬ ಹಳ್ಳಿಯಲ್ಲಿ, ಒಂದು ಮನೆ ಎದ್ದಿತು. ಅದರ ಹೆಸರು ಗಾಡರ್ಡ್ಸ್. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಆ ಮನೆಯ ಬಗ್ಗೆ. ನಾವೊಂದಿಷ್ಟು ಜನ ಅಲ್ಲಿ ಹೋಗಿ ಉಳಿದುಕೊಂಡಿದ್ದೆವು. ಈಗ ಎಲ್ಲೆಡೆ ವೆಲ್‌ನೆಸ್ ರಿಟ್ರೀಟ್ ಎಂಬ ಮಾತು ಕೇಳುತ್ತೀರಿ. ಹಳೆಯ ಎಸ್ಟೇಟುಗಳು, ಅರಮನೆಯಂಥ ಮನೆಗಳು, ಒಳಗೆ ಮಸಾಜು, ಧ್ಯಾನ, ಹಸಿರು ರಸ. ಗಾಡರ್ಡ್ಸ್ ಅಂಥ ಜಾಗಗಳಿಗಿಂತ ನೂರು ವರ್ಷ ಹಿರಿಯದು. ಅದನ್ನು ಶುರುವಿನಿಂದಲೇ ವಿಶ್ರಾಂತಿಗೆಂದು ಕಟ್ಟಿದರು. ಅದೂ ವಿಶ್ರಾಂತಿಗೆ ದುಡ್ಡು ಕೊಡಲಾಗದವರಿಗೆಂದು ಕಟ್ಟಿದರು. ಆ ಎರಡನೆಯ ಮಾತು ನನಗೆ ಬಹಳ ಮುಖ್ಯ.

ಕಟ್ಟಿಸಿದವರು ಫ್ರೆಡರಿಕ್ ಮಿರಿಲೀಸ್. ಹಡಗು ಕಂಪನಿಯ ಒಡೆಯ ಡೊನಾಲ್ಡ್ ಕರೀ ಅವರ ಅಳಿಯ, ಬೇಕಾದಷ್ಟು ಹಣವಿದ್ದವರು. ಕಟ್ಟಿದ್ದು 1898ರಿಂದ 1900ರವರೆಗೆ. ನಕ್ಷೆ ಹಾಕಿಕೊಟ್ಟವರು ಎಡ್ವಿನ್ ಲುಟಿಯನ್ಸ್. ಆ ಹೆಸರು ನಿಮಗೆಲ್ಲ ಗೊತ್ತು. ದಿಲ್ಲಿಯ ರಾಷ್ಟ್ರಪತಿ ಭವನದ ಲುಟಿಯನ್ಸ್ ಅವರೇ. ಆದರೆ ಈ ಕೆಲಸ ಶುರುವಾದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 340 ಕೋಣೆಗಳ ವೈಸರಾಯ್ ಭವನದ ಕನಸೂ ಬಿದ್ದಿರಲಿಕ್ಕಿಲ್ಲ. ಸರ್ರೆಯ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತಾ, ಹಳೇ ಕೊಟ್ಟಿಗೆ, ಹಳೇ ಹೆಂಚು, ಹಳೇ ಚಿಮಣಿಗಳನ್ನು ನೋಡಿ ಕಲಿತ ಹುಡುಗ. ದಿಲ್ಲಿಯ ಆ ಭವನದ ಮುಂದೆ ನಿಂತರೆ ನಾವು ಎಷ್ಟು ಸಣ್ಣವರು ಅನ್ನಿಸುತ್ತದೆ. ಅದೇ ಕೈ ಬರೆದ ಗಾಡರ್ಡ್ಸ್‌ನಲ್ಲಿ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ನನಗೆ ಕೇಳಿದರೆ ಗಾಡರ್ಡ್ಸೇ ದೊಡ್ಡ ಕೆಲಸ.

ಮನೆ ಹೇಗಿದೆ ಅಂತ ಹೇಳುತ್ತೇನೆ. ನಡುವೆ ಒಂದು ದೊಡ್ಡ ಹಜಾರ. ಎರಡೂ ಕಡೆ ರೆಕ್ಕೆಯಂತೆ ಚಾಚಿದ ಕೋಣೆಗಳ ಸಾಲು. ಅವುಗಳ ನಡುವೆ ಅಂಗಳ. ನಮ್ಮ ತೊಟ್ಟಿಮನೆಯ ಅಂಗಳವನ್ನು ನೆನೆಸಿಕೊಳ್ಳಿ, ಒಂದು ಬದಿ ಮಾತ್ರ ತೆರೆದಿದೆ, ಅಷ್ಟೇ ವ್ಯತ್ಯಾಸ. ಅಂಗಳದ ನಡುವೆ ಪುಟ್ಟ ಕೊಳ, ಸುತ್ತ ಕಲ್ಲು ಹಾಸು, ಕಲ್ಲಿನ ಸಂದಿಯಲ್ಲೆಲ್ಲ ಗಿಡ. ಹೊರಗೋಡೆಗೆ ಒರಟು ಗಾರೆ ಬಳಿದು ಬಿಳುಪು ಮಾಡಿದ್ದಾರೆ. ಮೇಲೆ ಕೆಂಪು ಹೆಂಚಿನ ಮಾಡು. ಆ ಮಾಡು ಎಷ್ಟು ಕೆಳಗೆ ಇಳಿದಿದೆ ಅಂದರೆ ಮನೆ ದೊಡ್ಡದು ಅನ್ನುವುದು ಒಳಗೆ ಹೋಗುವ ತನಕ ಗೊತ್ತಾಗುವುದಿಲ್ಲ. ಎತ್ತರವಾಗಿರುವುದು ಇಟ್ಟಿಗೆಯ ಚಿಮಣಿಗಳು ಮಾತ್ರ.

ಹಜಾರದಲ್ಲಿ ಓಕ್ ಮರದ ತೊಲೆಗಳು, ಮತ್ತೆ ಬೆಂಕಿಯ ಒಲೆ. ಒಲೆ ಅಂದರೆ ಗೋಡೆಯಲ್ಲಿ ಕೊರೆದ ಬರಿಯ ಗೂಡಲ್ಲ. ಅದಕ್ಕೇ ಒಂದು ಪುಟ್ಟ ಕೋಣೆಯಷ್ಟು ಜಾಗ ಬಿಟ್ಟಿದ್ದಾರೆ. ಬೆಂಕಿಯ ಪಕ್ಕದಲ್ಲೇ, ಅದರ ಸೂರಿನ ಕೆಳಗೇ ಕೂರಬಹುದು. ದೊಡ್ಡ ಹಜಾರದಲ್ಲಿದ್ದೂ ಬೆಚ್ಚಗೆ ಒಂದು ಮೂಲೆ ಸೇರಿದ ಹಾಗೆ. ಅಪರಿಚಿತರು ಸೇರುವ ಮನೆ ಇದು ಅನ್ನುವುದನ್ನು ಮರೆಯಬೇಡಿ. ಒಬ್ಬರಿಗೊಬ್ಬರು ಗೊತ್ತಿಲ್ಲದ ನರ್ಸುಗಳು, ಪಾಠ ಹೇಳುವವರು, ಕಾಯಿಲೆಯಿಂದ ಎದ್ದವರು. ಅವರಿಗೆ ಒಂಟಿಯಾಗಿರಲು ಜಾಗ ಬೇಕು, ಒಟ್ಟಿಗಿರಲೂ ಜಾಗ ಬೇಕು. ಇಬ್ಬರು ಕೂತು ಮಾತಾಡುವಾಗ ಮೂರನೆಯವರು ಅದೇ ಹಜಾರದಲ್ಲಿ ಪುಸ್ತಕ ಹಿಡಿದು ಸುಮ್ನೆ ಇರಬಹುದು, ಯಾರಿಗೂ ಮುಜುಗರವಿಲ್ಲ. ಇದನ್ನೆಲ್ಲ ಲುಟಿಯನ್ಸ್ ಗೋಡೆ ಎಲ್ಲಿ ತಿರುಗಬೇಕು, ಕಿಟಕಿ ಎಷ್ಟು ತಗ್ಗಿನಲ್ಲಿರಬೇಕು ಅನ್ನುವುದರಲ್ಲೇ ಸಾಧಿಸಿದ್ದಾರೆ.

ಮತ್ತೆ ಸ್ಕಿಟಲ್ಸ್ ಆಟದ ಕೋಣೆ. ಒಂದು ರೆಕ್ಕೆಯಲ್ಲಿ ಉದ್ದಕ್ಕೆ ಕಮಾನುಗಳ ಸಾಲಿನ ಕೆಳಗೆ ಹಲಗೆಯ ಹಾದಿ. ಕೊನೆಯಲ್ಲಿ ಒಂಬತ್ತು ಮರದ ಗೂಟ. ಈ ಕಡೆಯಿಂದ ಮರದ ಚೆಂಡು ಉರುಳಿಸಿ ಕೆಡವಬೇಕು. ವಿಶ್ರಾಂತಿಧಾಮದಲ್ಲಿ ಇಷ್ಟು ಗಲಾಟೆಯ ಆಟ ಯಾಕೆ ಅನ್ನಿಸುತ್ತದೆ, ಅಲ್ವಾ? 1901ರಲ್ಲಿ ಲುಟಿಯನ್ಸ್ ತಮ್ಮ ಹೆಂಡತಿಗೆ ಬರೆದ ಪತ್ರದಲ್ಲಿ ಇದಕ್ಕೆ ಉತ್ತರವಿದೆ. ಅವರು ಮನೆ ನೋಡಲು ಹೋದಾಗ ನರ್ಸುಗಳೂ ವಯಸ್ಸಾದ ಗವರ್ನೆಸ್‌ಗಳೂ ಸೇರಿ ಸ್ಕಿಟಲ್ಸ್ ಆಡುತ್ತಿದ್ದರಂತೆ. ಅವರಿಗೆಲ್ಲ ಮನೆಯೆಂದರೆ ಪ್ರಾಣವಂತೆ, ಬಿಟ್ಟು ಹೋಗುವಾಗ ಅಳುತ್ತಾರಂತೆ. ದಿನವಿಡೀ ಇನ್ನೊಬ್ಬರಿಗಾಗಿ ದನಿ ತಗ್ಗಿಸಿ, ಹೆಜ್ಜೆ ಸದ್ದು ಮಾಡದೆ ಬದುಕಿದ ಹೆಂಗಸರು ಅವರು. ಜೋರಾಗಿ ಚೆಂಡು ಉರುಳಿಸಿ, ಗೂಟ ಬಿದ್ದಾಗ ಕೂಗಿ ನಗುವುದಕ್ಕೆ ಅವರಿಗೆ ಬೇರೆಲ್ಲಿ ಅವಕಾಶವಿತ್ತು? ಅದನ್ನು ಅರಿತು ಮನೆಯೊಳಗೇ ಆಟದ ಕೋಣೆ ಇಟ್ಟವರ ಮೇಲೆ ನನಗೆ ಅಪಾರ ಗೌರವ.

ತೋಟ ಗರ್ಟ್ರೂಡ್ ಜೀಕಲ್ ಅವರದ್ದು. ಅವರು ಲುಟಿಯನ್ಸ್‌ಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಇಬ್ಬರೂ ಭೇಟಿಯಾದದ್ದು 1889ರಲ್ಲಿ. ಹುಡುಗನಿಗೆ ಸರ್ರೆಯ ಹಳ್ಳಿಮನೆಗಳನ್ನು ತೋರಿಸಿ, ಕಲ್ಲು ಮಣ್ಣು ಮರದ ಪಾಠ ಹೇಳಿದವರು ಅವರೇ ಅನ್ನಬಹುದು. ಜೀಕಲ್ ಮೊದಲು ತೋಟಗಾರರಾಗಿರಲಿಲ್ಲ. ಕಸೂತಿ, ಬೆಳ್ಳಿ ಕೆಲಸ, ಮರದ ಕೆತ್ತನೆ, ಚಿತ್ರ, ಎಲ್ಲದರಲ್ಲೂ ಪಳಗಿದ ಕೈ. ಕಣ್ಣು ಮಾತ್ರ ತೀರಾ ಮಂದ. ಹತ್ತಿರ ಹಿಡಿದು ಮಾಡುವ ಸೂಕ್ಷ್ಮ ಕೆಲಸ ಬಿಡಲೇಬೇಕು ಅಂತ ವೈದ್ಯರು ಹೇಳಿದರು. ನಡುವಯಸ್ಸು ದಾಟುವ ಹೊತ್ತಿಗೆ, ಕೈಗೆ ಬಂದಿದ್ದ ವಿದ್ಯೆಯನ್ನೆಲ್ಲ ಬಿಟ್ಟು ಅವರು ಮಣ್ಣಿಗೆ ಇಳಿದರು. ದಾರದಲ್ಲಿ ಮಾಡುತ್ತಿದ್ದ ಬಣ್ಣದ ಕೆಲಸವನ್ನು ಹೂವಿನಲ್ಲಿ ಮಾಡಿದರು. ಇಂಗ್ಲೆಂಡಿನ ತೋಟಗಳ ರೂಪವೇ ಅವರಿಂದ ಬದಲಾಯಿತು.

ಈ ಮನೆ, ಈ ತೋಟ, ಇವೆಲ್ಲ ಕೈಕಸುಬನ್ನು ಎತ್ತಿಹಿಡಿದ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಚಳವಳಿಯ ಕೂಸುಗಳು. ಚಳವಳಿಯ ಹೆಸರು ಬಂದಿದ್ದು 1887ರಲ್ಲಿ ಶುರುವಾದ ಒಂದು ಪ್ರದರ್ಶನ ಸಂಘದಿಂದ. ವಿಚಾರ ಅದಕ್ಕಿಂತ ಹಳೆಯದು. ವಿಮರ್ಶಕ ಜಾನ್ ರಸ್ಕಿನ್ ಅದನ್ನು ಬರೆದರು, ವಿನ್ಯಾಸಕಾರ ವಿಲಿಯಂ ಮಾರಿಸ್ ಅದನ್ನು ಕೈಯಿಂದ ಮಾಡಿ ತೋರಿಸಿದರು. ಕಾರ್ಖಾನೆಯಲ್ಲಿ ಮನುಷ್ಯ ದಿನವಿಡೀ ಒಂದೇ ಚಿಕ್ಕ ಕೆಲಸ ಮಾಡಿ ಮಾಡಿ ಕುಗ್ಗಿಹೋಗುತ್ತಾನೆ, ಅವನು ಮಾಡಿದ ವಸ್ತುವಿನಲ್ಲೂ ಆ ಕುಗ್ಗು ಕಾಣುತ್ತದೆ ಅಂದರು ರಸ್ಕಿನ್. ಸಂತೋಷದಿಂದ ಮಾಡಿದ ವಸ್ತುವಿನ ನಡುವೆ ಬದುಕುವುದೇ ಆರೋಗ್ಯ ಅನ್ನುವ ನಂಬಿಕೆ ಇಲ್ಲಿಂದ ಹುಟ್ಟಿತು. ರಸ್ಕಿನ್ ಅವರ ಒಂದು ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿ ಗಾಂಧೀಜಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಅದೇ ವರ್ಷ ಫೀನಿಕ್ಸ್ ಆಶ್ರಮ ಕಟ್ಟಿದರು. ಮುಂದೆ ಚರಕ ಬಂತು, ಖಾದಿ ಬಂತು. ಹಾಗಾಗಿ ಈ ಮನೆಯ ಬೇರು ನಮಗೆ ಅಷ್ಟೇನೂ ದೂರದ್ದಲ್ಲ.

ಇನ್ನು ಸರ್ರೆಯೇ ಯಾಕೆ? ಲಂಡನ್ನಿನ ಹೊಗೆ ಮೊದಲ ಕಾರಣ. ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು, ಚಳಿಗಾಲದಲ್ಲಿ ಮಂಜಿನ ಜೊತೆ ಸೇರಿ ಉಸಿರು ಕಟ್ಟಿಸುತ್ತಿತ್ತು. ಡಾರ್ಕಿಂಗ್‌ವರೆಗೆ ರೈಲು ಇತ್ತು. ಮರಳುಮಣ್ಣಿನ ಗುಡ್ಡ, ಪೈನ್ ಮರ, ಒಣ ಗಾಳಿ. ವೈದ್ಯರು ಕ್ಷಯದವರಿಗೆ ಇಂಥ ಜಾಗವನ್ನೇ ಹೇಳುತ್ತಿದ್ದರು.

ಸರ್ರೆಯ ಗಡಿ ದಾಟಿ ಸಸೆಕ್ಸ್‌ಗೆ ಹೋದರೆ ಮಿಡ್‌ಹರ್ಸ್ಟ್ ಹತ್ತಿರ ಅಂಥದ್ದೇ ಒಂದು ಕ್ಷಯದ ಆಸ್ಪತ್ರೆ ಇತ್ತು. ಏಳನೇ ಎಡ್ವರ್ಡ್ ದೊರೆಯ ಹೆಸರಿನದು, 1906ರಲ್ಲಿ ತೆರೆಯಿತು. ಕ್ಷಯಕ್ಕೆ ಔಷಧಿಯಾದ ಸ್ಟ್ರೆಪ್ಟೋಮೈಸಿನ್ ಬರಲು ಇನ್ನೂ ನಲವತ್ತು ವರ್ಷ ಇತ್ತು. ಔಷಧಿಯೇ ಇಲ್ಲದ ಕಾಯಿಲೆಗೆ ಕಟ್ಟಡವನ್ನೇ ಔಷಧಿ ಮಾಡಿದರು. ರೋಗಿಗಳ ಕೋಣೆಗಳೆಲ್ಲ ದಕ್ಷಿಣಕ್ಕೆ, ಬಿಸಿಲಿಗೆ ಮುಖ ಮಾಡಿವೆ. ಪ್ರಾರ್ಥನಾ ಮಂದಿರದ ಒಂದು ಬದಿಗೆ ಗೋಡೆಯನ್ನೇ ಹಾಕದೆ ಗಾಳಿಗೆ ತೆರೆದಿಟ್ಟರು. ತೋಟ ಮತ್ತೆ ಜೀಕಲ್ ಅವರದ್ದೇ. ಸ್ವಲ್ಪ ಚೇತರಿಸಿಕೊಂಡ ರೋಗಿಗಳು ಆ ತೋಟದಲ್ಲೇ ಕೆಲಸ ಮಾಡುತ್ತಿದ್ದರು. ಕ್ಷಯಕ್ಕೆ ಗಾಳಿ ಬಿಸಿಲು ಮಾತ್ರ ಸಾಲಲಿಲ್ಲ ಅನ್ನುವುದು ನಿಜ. ಆದರೂ ಕಾಯಿಲೆಯವರನ್ನು ಸುಂದರವಾದ ಜಾಗದಲ್ಲಿ ಇಡಬೇಕು, ಅವರ ಕೈಗೆ ಗೌರವದ ಕೆಲಸ ಕೊಡಬೇಕು ಅಂತ ಅನ್ನಿಸಿತಲ್ಲ, ಅದು ದೊಡ್ಡದು. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಆಸ್ಪತ್ರೆಯಲ್ಲಿ ದುಡಿಯುವವರು. ಟ್ಯೂಬ್‌ಲೈಟಿನ ವಾರ್ಡು, ಕಿಟಕಿಯಿಲ್ಲದ ಸ್ಟಾಫ್ ರೂಮು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನಾವು ಅಲ್ಲಿ ಉಳಿದ ಕತೆಗೆ ಬರುತ್ತೇನೆ. ಗಾಡರ್ಡ್ಸ್‌ನಲ್ಲಿ ಹನ್ನೆರಡು ಜನ ಮಲಗಬಹುದು. ನಾವು ಕೆಲವು ಸಂಸಾರಗಳು ಸೇರಿ, ಖರ್ಚು ಹಂಚಿಕೊಂಡು, ನವೆಂಬರ್‌ನಲ್ಲಿ ಹೋದೆವು. ಅಲ್ಲಿ ಮಸಾಜು ಮಾಡುವವರಿಲ್ಲ, ಯೋಗದ ಗುರುಗಳಿಲ್ಲ, ಊಟ ಬಡಿಸುವವರೂ ಇಲ್ಲ. ಅಡುಗೆ ನಾವೇ ಮಾಡಿಕೊಳ್ಳಬೇಕು. ಟಿವಿ ಇಲ್ಲ, ವೈಫೈ ಇಲ್ಲ. ನಮ್ಮಲ್ಲಿ ಒಬ್ಬರು ಬೆಳಗ್ಗೆ ಯೋಗ, ಆಮೇಲೆ ಪ್ರಾಣಾಯಾಮ ಅಂತ ಒಂದು ವೇಳಾಪಟ್ಟಿ ಬರೆದುಕೊಂಡು ಬಂದಿದ್ದರು. ಮೊದಲ ದಿನ ಮಾಡಿದೆವು. ಆಮೇಲೆ ಮನೆಯೇ ನಮ್ಮ ವೇಳೆ ನಿಗದಿ ಮಾಡತೊಡಗಿತು.

ಹೇಗೆ ಅಂದರೆ, ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು. ಕತ್ತಲಾಗುವ ಮುಂಚೆ ಸೌದೆ ತರಬೇಕು. ಸೌದೆ ತಂದ ಮೇಲೆ ಬೆಂಕಿ ಹೊತ್ತಿಸಬೇಕು. ಬೆಂಕಿ ಹೊತ್ತಿದ ಮೇಲೆ ಯಾರೂ ಎದ್ದು ಹೋಗುವುದಿಲ್ಲ. ಹುಳಿ ಕುದಿಯುವ ತನಕ ಮಾತು. ಮಧ್ಯಾಹ್ನ ಲೀತ್ ಹಿಲ್ ಕಡೆ ನಡಿಗೆ. ಸರ್ರೆಯಲ್ಲೇ ಎತ್ತರದ ಗುಡ್ಡ ಅದು, 294 ಮೀಟರ್, ಮೇಲೊಂದು ಹದಿನೆಂಟನೇ ಶತಮಾನದ ಗೋಪುರ. ಹೋಗುವ ದಾರಿಯಲ್ಲಿ ಬೀಚ್ ಮರದ ಎಲೆ ಮೊಣಕಾಲ ತನಕ. ಮಕ್ಕಳು ಅದರಲ್ಲಿ ಬಿದ್ದು ಹೊರಳಾಡಿದರು.

ಕೈ ತಾಗಿದಲ್ಲೆಲ್ಲ ಯಾರೋ ಕೈಯಾರೆ ಮಾಡಿದ್ದು ಸಿಗುತ್ತದೆ. ನನ್ನ ಕೋಣೆಯ ಕಿಟಕಿಗೆ ಕಬ್ಬಿಣದ ಚಿಲಕ ಇತ್ತು. ಅದರ ತುದಿಯನ್ನು ಬಡಿದು, ಬಾಗಿಸಿ, ಸುರುಳಿ ಮಾಡಿದ್ದಾರೆ. ಹೆಬ್ಬೆರಳು ಸರಿಯಾಗಿ ಆ ಸುರುಳಿಯಲ್ಲಿ ಕೂರುತ್ತದೆ. ಚಳಿಯಲ್ಲಿ ಕೈ ಜೋಮು ಹಿಡಿದಿದ್ದರೂ ತೆರೆಯಬಹುದು. ನೂರಾರು ಜನ ಮುಟ್ಟಿ ಮುಟ್ಟಿ ಅಷ್ಟು ಭಾಗ ಮಾತ್ರ ನುಣುಪಾಗಿ ಹೊಳೆಯುತ್ತದೆ. ನಾನು ಅಲ್ಲಿದ್ದಷ್ಟು ದಿನ ಬೆಳಗ್ಗೆ ಎದ್ದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಆ ಚಿಲಕ ತೆಗೆಯುವುದು. ಫೋನ್ ಕೈಗೆತ್ತಿಕೊಳ್ಳುವ ಅಭ್ಯಾಸ ತಾನಾಗೇ ತಪ್ಪಿತ್ತು.

ಸ್ಕಿಟಲ್ಸ್ ಅಂತೂ ದಿನಾ ಆಡಿದೆವು. ಅದರಲ್ಲಿ ಯಂತ್ರ ಯಾವುದೂ ಇಲ್ಲ. ಒಬ್ಬರು ಆ ತುದಿಯಲ್ಲಿ ನಿಂತು ಬಿದ್ದ ಗೂಟಗಳನ್ನು ಎತ್ತಿ ನಿಲ್ಲಿಸಬೇಕು. ಅವರು ನಿಲ್ಲಿಸುವ ತನಕ ಈ ತುದಿಯವರು ಕಾಯಬೇಕು. ಎಂಟು ವರ್ಷದ ಹುಡುಗಿಯೂ ಅಜ್ಜನೂ ಸರದಿ ಹಾಕಿಕೊಂಡು ಗೂಟ ನಿಲ್ಲಿಸಿದರು. ಚೆಂಡು ಹಲಗೆಯ ಮೇಲೆ ಉರುಳುವ ಗುಡುಗುಡು ಸದ್ದು ಕಮಾನಿನ ಕೆಳಗೆ ಇಮ್ಮಡಿಯಾಗಿ ಕೇಳುತ್ತದೆ. ಒಂದು ಗೂಟ ಅಲ್ಲಾಡಿ ಅಲ್ಲಾಡಿ, ಬೀಳಲೋ ಬೇಡವೋ ಅಂತ ನಿಂತಾಗ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ.

ನಮ್ಮ ಜೊತೆ ಒಬ್ಬ ಅಕ್ಕ ಬಂದಿದ್ದರು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿ ಬಹಳ ಕಾಲದಿಂದ ರಾತ್ರಿ ಪಾಳಿ ಮಾಡುವವರು. ಮೊದಲ ದಿನ ಊಟಕ್ಕೂ ಎಚ್ಚರವಾಗದೆ ಮಲಗಿದರು. ಯಾರೂ ಎಬ್ಬಿಸಲಿಲ್ಲ. ಮರುದಿನ ಸ್ಕಿಟಲ್ಸ್ ಕೋಣೆಯಲ್ಲಿ ಅವರ ನಗು ಎಲ್ಲರಿಗಿಂತ ಜೋರು. ಈ ಮನೆ ಯಾರಿಗೆಂದು ಕಟ್ಟಿದ್ದು ಅಂತ ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಇಲ್ಲಿಗೆ ಅತಿಥಿ ಅಲ್ಲ ಮಾರಾಯ್ರೆ, ಇದು ನಮ್ಮದೇ ಮನೆ" ಅಂದರು. ನಾನು ಇವತ್ತು ಇಷ್ಟು ಮಾತಾಡುತ್ತಿರುವುದಕ್ಕೆ ಆ ಮಾತೇ ಕಾರಣ.

ಇದೇ ಕಾಲದ ಇನ್ನೊಂದು ಬಗೆಯ ಜಾಗವೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾದ ಆ್ಯಶ್‌ವಿಲ್‌ನಲ್ಲಿ ಗ್ರೋವ್ ಪಾರ್ಕ್ ಇನ್ 1913ರಲ್ಲಿ ತೆರೆಯಿತು. ಕಟ್ಟಿಸಿದ ಎಡ್ವಿನ್ ಗ್ರೋವ್ ಮಲೇರಿಯಾಕ್ಕೆ ಕ್ವಿನೈನ್ ಟಾನಿಕ್ ಮಾರಿ ಸಿರಿವಂತರಾದವರು. ಬೆಟ್ಟದ ಬಂಡೆಗಳನ್ನೇ ತಂದು ಜೋಡಿಸಿದ ಗೋಡೆಗಳು, ರಾಯ್‌ಕ್ರಾಫ್ಟ್ ಎಂಬ ಬಳಗದ ಕುಶಲಕರ್ಮಿಗಳು ಮಾಡಿದ ತಾಮ್ರದ ದೀಪಗಳು, ಭಾರೀ ಒಲೆಗಳು. ಅದೂ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಮನೆತನದ್ದೇ. ಈಗ ಅಲ್ಲಿ ನೆಲದಡಿಯಲ್ಲಿ ದೊಡ್ಡ ಸ್ಪಾ ಇದೆ. ಕೆಲಸ ಅದ್ಭುತ, ಒಪ್ಪುತ್ತೇನೆ. ಆದರೆ ಅಲ್ಲಿ ಮೊದಲಿನಿಂದಲೂ ವಿಶ್ರಾಂತಿ ಅಂದರೆ ಹಣವಿದ್ದವರು ಬಂದು ಕೊಳ್ಳುವ ಸರಕು. ಗಾಡರ್ಡ್ಸ್ ಬೇರೆ ದಾರಿ ಹಿಡಿದಿತ್ತು.

ಹಿಡಿದಿತ್ತು ಅನ್ನುತ್ತಿದ್ದೇನೆ, ಯಾಕೆಂದರೆ ಅದು ಹೆಚ್ಚು ಕಾಲ ಉಳಿಯಲಿಲ್ಲ. 1910ರಲ್ಲಿ ಮಿರಿಲೀಸರ ಮಗ ಸೊಸೆ ಅಲ್ಲಿ ಸಂಸಾರ ಹೂಡಲು ಬಂದರು. ಲುಟಿಯನ್ಸ್ ಅವರನ್ನೇ ಮತ್ತೆ ಕರೆಸಿ ರೆಕ್ಕೆಗಳನ್ನು ಉದ್ದ ಮಾಡಿಸಿದರು. ದಣಿದವರ ಮನೆ ಒಂದು ಕುಟುಂಬದ ಮನೆಯಾಯಿತು. ಹತ್ತು ವರ್ಷ, ಅಷ್ಟೇ. ಮಿಡ್‌ಹರ್ಸ್ಟ್ ಆಸ್ಪತ್ರೆ ಅದಕ್ಕಿಂತ ಜಾಸ್ತಿ ಬಾಳಿತು, ಸರಿಯಾಗಿ ನೂರು ವರ್ಷ. 2006ರಲ್ಲಿ ಮುಚ್ಚಿತು. ಈಗ ಅಲ್ಲಿರುವುದು ದುಬಾರಿ ಫ್ಲ್ಯಾಟುಗಳು. ಬಿಸಿಲಿಗೆ ಮುಖ ಮಾಡಿದ ಆ ಕೋಣೆಗಳು ಇವತ್ತು ಯಾರಿಗೆ ಎಟುಕುತ್ತವೆ, ನೀವೇ ಯೋಚಿಸಿ.

ಈ ನೋವು ಚಳವಳಿಯ ಒಳಗೇ ಇತ್ತು. ಕೈಯಿಂದ ಮಾಡಿದ್ದಕ್ಕೆ ಸಮಯ ಬೇಕು, ಮಾಡಿದವನಿಗೆ ಸರಿಯಾದ ಕೂಲಿ ಕೊಡಬೇಕು. ಹಾಗಾಗಿ ವಸ್ತು ದುಬಾರಿಯಾಗುತ್ತದೆ, ಕೊಳ್ಳುವವರು ಸಿರಿವಂತರೇ ಆಗುತ್ತಾರೆ. ಮಾರಿಸ್‌ಗೆ ಇದು ಗೊತ್ತಿತ್ತು. ಹಣವಂತರ ಭೋಗಕ್ಕೆ ಚಾಕರಿ ಮಾಡುತ್ತಾ ಆಯುಸ್ಸು ಕಳೆಯುತ್ತಿದ್ದೇನೆ ಅಂತ ಅವರು ಸಿಟ್ಟಿನಿಂದ ಹೇಳಿದ್ದುಂಟು. ಕೊನೆಗೆ ಸಮಾಜವಾದದ ಕಡೆ ಹೊರಳಿದರು, ಬೀದಿಯಲ್ಲಿ ನಿಂತು ಭಾಷಣ ಮಾಡಿದರು. ವೆಲ್‌ನೆಸ್ ಹೆಸರಿನಲ್ಲಿ ಇಂಥ ಮನೆಗಳನ್ನು ಬಾಡಿಗೆಗೆ ಕೊಡುವವರು ಕುರ್ಚಿ, ಪರದೆ, ಟೈಲ್ಸ್‌ಗಳ ಅಂದವನ್ನು ತೋರಿಸುತ್ತಾರೆ, ಆ ಸಿಟ್ಟನ್ನು ಬಿಟ್ಟುಬಿಡುತ್ತಾರೆ. ನನಗೆ ಎರಡೂ ಬೇಕು. ಮಸಾಜು, ಯೋಗ ಬೇಡ ಅನ್ನುವವನಲ್ಲ ನಾನು. ಸುಸ್ತಾದ ಮೈಗೆ ಏನು ಹಿತವೋ ಅದು ಸಿಗಲಿ. ಸಿಗಬೇಕಾದವರಿಗೆ ಸಿಗಲಿ ಅನ್ನುವುದಷ್ಟೇ ನನ್ನ ಹಟ.

1991ರಲ್ಲಿ ಗಾಡರ್ಡ್ಸ್ ಲುಟಿಯನ್ಸ್ ಟ್ರಸ್ಟಿನ ಕೈಗೆ ಬಂತು. ಈಗ ಅದನ್ನು ನಡೆಸುವವರು ಲ್ಯಾಂಡ್‌ಮಾರ್ಕ್ ಟ್ರಸ್ಟ್. 1965ರಲ್ಲಿ ಜಾನ್ ಸ್ಮಿತ್ ಮತ್ತು ಅವರ ಹೆಂಡತಿ ಕ್ರಿಶ್ಚಿಯನ್ ಕಟ್ಟಿದ ಸಂಸ್ಥೆ ಅದು. ಬಿದ್ದುಹೋಗುವ ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿ, ಜನ ಉಳಿಯಲು ಕೊಟ್ಟು, ಆ ಬಾಡಿಗೆಯಲ್ಲೇ ಅವುಗಳನ್ನು ನೋಡಿಕೊಳ್ಳುತ್ತಾರೆ. ಅವರ ಪ್ರತಿ ಮನೆಯಲ್ಲೂ ಉಳಿದವರು ಬರೆದಿಡುವ ಒಂದು ದೊಡ್ಡ ಪುಸ್ತಕ ಇರುತ್ತದೆ. ಗಾಡರ್ಡ್ಸ್‌ನ ಪುಸ್ತಕ ಓದುತ್ತಾ ಕೂತರೆ ಒಂದು ಸಂಜೆ ಸಾಲದು. ನಾವು ಅದರಲ್ಲಿ ಕನ್ನಡದಲ್ಲೂ ನಾಲ್ಕು ಸಾಲು ಬರೆದು ಬಂದಿದ್ದೇವೆ.

ಹೋಗುವವರಿಗೆ ಒಂದೆರಡು ಮಾತು. ಶಾಲೆಯ ರಜೆ ಬಿಟ್ಟು, ಚಳಿಗಾಲದಲ್ಲಿ, ವಾರದ ನಡುವೆ ಹೋಗಿ. ಬಾಡಿಗೆ ಕಡಿಮೆ, ಬೆಂಕಿಯ ಸುಖ ಜಾಸ್ತಿ. ಹನ್ನೆರಡು ಜನ ಸೇರಿದರೆ ತಲೆಗೆ ಬೀಳುವ ಖರ್ಚು ಸಾಧಾರಣ ಹೋಟೆಲಿನ ಮಟ್ಟಕ್ಕೆ ಇಳಿಯುತ್ತದೆ. ದಪ್ಪ ಕಾಲುಚೀಲ ಇರಲಿ, ಕಲ್ಲಿನ ನೆಲ ತಣ್ಣಗಿರುತ್ತದೆ. ಮಸಾಲೆ ಡಬ್ಬಿ ಮನೆಯಿಂದಲೇ ತೆಗೆದುಕೊಂಡು ಹೋಗಿ.

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಿಗೆ ಒಂದು ಕೋರಿಕೆ. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಸೇವಾ ಸಂಸ್ಥೆಗಳಿಗೆಂದು ಐವತ್ತು ಉಚಿತ ವಾಸ್ತವ್ಯಗಳ ಒಂದು ಯೋಜನೆ ಇಟ್ಟುಕೊಂಡಿದೆ. ನೋಂದಾಯಿತ ಸಂಸ್ಥೆಗಳು ಅರ್ಜಿ ಹಾಕಬಹುದು. ರಾತ್ರಿ ಪಾಳಿ ಮಾಡುವ ನರ್ಸುಗಳು, ಹಗಲಿಡೀ ಇನ್ನೊಬ್ಬರ ಮನೆಯ ಹಿರಿಯರನ್ನು ನೋಡಿಕೊಳ್ಳುವ ಕೇರರ್‌ಗಳು ನಮ್ಮ ನಡುವೆಯೇ ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತು. ಊರಿಗೆ ಹಣ ಕಳಿಸಿ ಉಳಿದದ್ದರಲ್ಲಿ ಅವರು ಯಾವ ರಿಟ್ರೀಟಿಗೂ ಹೋಗುವುದಿಲ್ಲ. ಅವರ ಹೆಸರಿನಲ್ಲಿ ಅರ್ಜಿ ಹಾಕೋಣ. ಸಿಗದಿದ್ದರೆ, ಯುಗಾದಿ ಕಾರ್ಯಕ್ರಮದ ಖರ್ಚಿನಲ್ಲಿ ಸ್ವಲ್ಪ ಹಿಡಿದು, ಚಳಿಗಾಲದ ನಾಲ್ಕು ದಿನ ನಾವೇ ಬುಕ್ ಮಾಡಿ ಆ ಹನ್ನೆರಡು ಹಾಸಿಗೆ ಅವರಿಗೆ ಕೊಡೋಣ. ಅರ್ಜಿ ಬರೆಯುವ ಕೆಲಸ ನಾನು ಮಾಡುತ್ತೇನೆ. ಹೆಸರುಗಳ ಪಟ್ಟಿ ಇವತ್ತೇ, ಊಟಕ್ಕೆ ಏಳುವ ಮುಂಚೆ ಶುರು ಮಾಡೋಣ. ಮಂಗಳೂರಿನ ಆ ಅಕ್ಕ ಬಾಗಿಲ ಹತ್ತಿರ ಪೆನ್ನು ಕಾಗದ ಹಿಡಿದು ಕೂತಿದ್ದಾರೆ.